ಹಳೇ ಫಿಯೆಟ್‌ಗೆ ವಿಂಟೇಜ್ ಆರ್‌ಸಿ: ಪೇಂಟ್ ಆಮೇಲೆ, ಚಾಸಿ ನಂಬರ್ ಮೊದಲು

ತಾತನ ಫಿಯೆಟ್ 1100ಕ್ಕೆ ಲಕ್ಷಗಟ್ಟಲೆ ಸುರಿದು ಪೇಂಟ್ ಮಾಡಿಸಿದ ಗೆಳೆಯನೊಬ್ಬ ವಿಂಟೇಜ್ ಆರ್‌ಸಿಗಾಗಿ, ಅಂದರೆ ಮೂಲರೂಪದಲ್ಲೇ ಉಳಿದ ಹಳೇ ಗಾಡಿಗೆ ಕೊಡುವ ವಿಶೇಷ ನೋಂದಣಿ ಪತ್ರಕ್ಕಾಗಿ, ಅದನ್ನು ಸೀದಾ ಆರ್‌ಟಿಒಗೆ ಒಯ್ದ. ಚಾಸಿ ನಂಬರ್, ಅಂದರೆ ಗಾಡಿಯ ಲೋಹಕ್ಕೇ ಒತ್ತಿದ ಗುರುತಿನ ಸಂಖ್ಯೆ, ತೋರಿಸಿ ಅಂದರು. ಅದು ಪುಟ್ಟಿಯ ಅಡಿಯಲ್ಲಿ ಕೂತಿತ್ತು! ಇಂಥವರನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಯಸ್ಸು. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ಸಲ ನೋಂದಣಿಯಾದ ದಿನದಿಂದ 50 ವರ್ಷ ತುಂಬಿರಬೇಕು. ತಯಾರಾದ ವರ್ಷ ಲೆಕ್ಕಕ್ಕಿಲ್ಲ. ಮೈಸೂರು ರಾಜ್ಯದ ಕಾಲದ ‘ಎಂವೈ’ ನಂಬರ್ ಇದ್ದರೆ ಅದೃಷ್ಟ, ಅದನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿ ಆಗುವ ಗಾಡಿಗೆ ಮಾತ್ರ ‘ವಿಎ’ ಸರಣಿಯ ನಂಬರ್.

ಎರಡನೆಯದು, ಎಲ್ಲರೂ ಎಡವುವ ಜಾಗ. ಚಾಸಿ, ಬಾಡಿ, ಎಂಜಿನ್ ಮೂರೂ ಮೂಲದಂತೆಯೇ ಇರಬೇಕು. ಪೆಟ್ರೋಲ್ ದುಬಾರಿ ಎಂದು ಯಾವಾಗಲೋ ಡೀಸೆಲ್ ಎಂಜಿನ್ ಕೂರಿಸಿದ ಫಿಯೆಟ್, ಅಂಬಾಸಿಡರ್‌ಗಳು ಬೇಕಾದಷ್ಟಿವೆ. ಅಂಥ ಗಾಡಿಗೆ ಈ ಆರ್‌ಸಿಯ ಆಸೆ ಬಿಡಿ. ಮಾಮೂಲಿ ರಿನ್ಯೂವಲ್ ಮಾಡಿಸಿ.

ಚಾಸಿ ನಂಬರ್ ಎಲ್ಲಿದೆ ಎಂದು ಹಳೇ ಮೆಕ್ಯಾನಿಕ್ ಒಬ್ಬರನ್ನು ಕೇಳಿ. ಸೀಮೆಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಬಟ್ಟೆಯಿಂದ ಒರೆಸಿ. ತುಕ್ಕು ಹೋಗದಿದ್ದರೆ ನಯವಾದ ಎಮರಿ ಪೇಪರ್‌ನಿಂದ ಮೆಲ್ಲಗೆ ಉಜ್ಜಿ. ಗ್ರೈಂಡರ್ ಹತ್ತಿರ ಸುಳಿಯಲೇಬಾರದು. ಅಂಗಡಿಯಲ್ಲಿ ಸಿಗುವ ಅಗ್ಗದ ಆ್ಯಸಿಡ್ ಬಾಟಲಿಯೂ ಬೇಡ, ತುಕ್ಕಿನ ಜೊತೆ ಅಂಕಿಯನ್ನೂ ತಿಂದುಹಾಕುತ್ತದೆ. ಅಂಕಿ ಕಂಡ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆಯಿರಿ. ಹಳೇ ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ‘ಮಸುಕಾಗಿದೆ, ನಾನೇ ಪಂಚ್ ಮಾಡಿಕೊಡ್ತೀನಿ ಸಾರ್’ ಅನ್ನುವವರು ಸಿಗುತ್ತಾರೆ. ಅಲ್ಲಿಂದ ಎದ್ದು ಬನ್ನಿ. ಅದು ಅಪರಾಧ.

ಮೂರನೆಯದು ಇನ್ಶೂರೆನ್ಸ್. ಅರ್ಜಿಗೆ ಪಾಲಿಸಿ ಲಗತ್ತಿಸಬೇಕು, ಹಾಗಾಗಿ ಇದು ಮೊದಲೇ ಆಗಬೇಕು. ಆನ್‌ಲೈನ್‌ನಲ್ಲಿ ನಿಮ್ಮ ಮಾಡೆಲ್ ಸಿಗಲಿಲ್ಲವೆಂದು ಹತ್ತಿರದ ಹೆಸರೊಂದನ್ನು ಒತ್ತಿಬಿಡಬೇಡಿ, ಕ್ಲೇಮ್ ಸಮಯದಲ್ಲಿ ಅಳಬೇಕಾಗುತ್ತದೆ. ಕಂಪನಿಯ ಶಾಖೆಗೇ ಹೋಗಿ. ಥರ್ಡ್ ಪಾರ್ಟಿ ಕಡ್ಡಾಯ, ಆದರೆ ನಿಮ್ಮ ಕಾರಿಗೆ ಏನಾದರೂ ಆದರೆ ಅದರಿಂದ ಒಂದು ಪೈಸೆ ಬರುವುದಿಲ್ಲ. ನಿಮ್ಮ ಕಾರಿಗೂ ರಕ್ಷಣೆ ಕೊಡುವ ಕಾಂಪ್ರಹೆನ್ಸಿವ್ ತೆಗೆದುಕೊಳ್ಳುವುದಾದರೆ, ತಯಾರಿ ನಿಂತುಹೋದ ಮಾಡೆಲ್‌ಗೆ ಐಡಿವಿ (ಪಾಲಿಸಿಯಲ್ಲಿ ಬರೆಯುವ ಕಾರಿನ ಬೆಲೆ) ಎಂದರೆ ನೀವೂ ಕಂಪನಿಯೂ ಮಾತಾಡಿ ಒಪ್ಪಿಕೊಂಡ ಬೆಲೆ. ಸುಮ್ನೆ ಕೂತರೆ ಗುಜರಿ ಬೆಲೆ ಬರೆಯುತ್ತಾರೆ. ರಿಪೇರಿ ಬಿಲ್, ಫೋಟೊ ಎಲ್ಲ ಮೇಜಿನ ಮೇಲಿಡಿ.

ಉಳಿದದ್ದು ಸುಲಭ. ಫಾರ್ಮ್ 20 (ನೋಂದಣಿ ಅರ್ಜಿ), ಹಳೇ ಆರ್‌ಸಿ, ಪಾಲಿಸಿ, 20,000 ರೂಪಾಯಿ ಶುಲ್ಕ. ಆರ್‌ಸಿ 10 ವರ್ಷ ನಡೆಯುತ್ತದೆ.

ಒಂದು ಮಾತು: ಈ ಆರ್‌ಸಿ ಇಟ್ಟುಕೊಂಡು ದಿನಾ ಆಫೀಸಿಗೆ ಹೋಗುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ, ಇಂಥದ್ದಕ್ಕಷ್ಟೇ. ಮದುವೆಗಳಿಗೆ ಬಾಡಿಗೆ ಬಿಡುವ ಯೋಚನೆಯಿದ್ದರೆ ಇದರ ಗೋಜಿಗೇ ಹೋಗಬೇಡಿ.

ಮರುವರ್ಷ ಪಾಲಿಸಿ ರಿನ್ಯೂವಲ್‌ಗೆ ಹೋಗುವಾಗ ಹೊಸ ಆರ್‌ಸಿಯ ಜೆರಾಕ್ಸ್ ಒಯ್ಯಿರಿ. ವಿಂಟೇಜ್ ಎಂದು ನೋಂದಣಿಯಾದ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ಅರ್ಧಕ್ಕರ್ಧ. 2022ರ ದರದಲ್ಲಿ ಈ ಫಿಯೆಟ್‌ಗೆ 3,416 ರೂಪಾಯಿ ಬದಲು 1,708, ಜಿಎಸ್‌ಟಿ ಬೇರೆ. ಕೌಂಟರಿನಲ್ಲಿ ತಾವಾಗಿಯೇ ಹೇಳುತ್ತಾರೆಂದು ಕಾಯಬೇಡಿ, ನೀವೇ ಕೇಳಿ.