ಹೆಸರಿಲ್ಲದ ವಾಲ್ವ್ ರೇಡಿಯೋ ರಿಪೇರಿ ಮಾಡಿದ ಬಗೆ

ಮಾನ್ವಿ ಕಡೆಯ ಹಳ್ಳಿಯಿಂದ ಗೆಳೆಯರೊಬ್ಬರು ರಾಯಚೂರಿಗೆ ತಂದುಕೊಟ್ಟ ವಾಲ್ವ್ (ಗಾಜಿನ ಕೊಳವೆ) ರೇಡಿಯೋದ ಹೆಸರಿನ ಪಟ್ಟಿ ಕಿತ್ತುಹೋಗಿತ್ತು. ಹಿಂಬದಿಯ ರಟ್ಟನ್ನು ಇಲಿ ತಿಂದಿತ್ತು.

"ಮರ್ಫಿ ಇರಬೇಕ್ರಿ, ಇಲ್ಲಾ ಫಿಲಿಪ್ಸ್. ಒಮ್ಮೆ ಪ್ಲಗ್ ಹಾಕಿ ನೋಡೂಣೇನ್ರಿ?" ಅಂದರು.

"ಬ್ಯಾಡ್ರಿ. ಮೊದಲು ವಾಲ್ವಿನ ನಂಬರ್ ಓದೂಣು" ಅಂದೆ. ಕಂಪನಿ ಯಾವುದೇ ಇರಲಿ, ಸೆಟ್ಟನ್ನು ಹೇಗೆ ಮುಟ್ಟಬೇಕು ಅನ್ನುವುದು ಆ ನಂಬರಿನಲ್ಲಿ ಇರುತ್ತದೆ.

ಎರೆಮಣ್ಣಿನ ಧೂಳನ್ನು ಒಣ ಬ್ರಶ್ಶಿನಿಂದ ಉದುರಿಸಿದೆ. ಗಾಜನ್ನು ಒದ್ದೆ ಬಟ್ಟೆಯಿಂದ ಉಜ್ಜಿದರೆ ಅಕ್ಷರಗಳೇ ಅಳಿಸಿಹೋಗುತ್ತವೆ. ಟಾರ್ಚನ್ನು ಓರೆಯಾಗಿ ಹಿಡಿದಾಗ ಕಂಡವು: ಯುಸಿಎಚ್ 81, ಯುಎಫ್ 89, ಯುಬಿಸಿ 81, ಯುಎಲ್ 84, ಯುವೈ 85. ಎಂಬತ್ತರ ಸಾಲಿನ ಅಂಕಿ ಅಂದರೆ ಒಂಬತ್ತು ಪಿನ್ನಿನ ಬುಡ; ಸೆಟ್ಟು 1950ರ ದಶಕಕ್ಕಿಂತ ಹಳೆಯದಲ್ಲ. ಮೊದಲ ಅಕ್ಷರ ಫಿಲಮೆಂಟಿನದು, ಅಂದರೆ ವಾಲ್ವನ್ನು ಕಾಯಿಸುವ ತಂತಿಯದು. 'ಇ' ಇದ್ದರೆ 6.3 ವೋಲ್ಟ್, 'ಡಿ' ಇದ್ದರೆ ಬ್ಯಾಟರಿ ಸೆಟ್ಟು. 'ಯು' ಅಂದರೆ 100 ಮಿಲಿಆಂಪಿಯರ್, ಎಲ್ಲ ಫಿಲಮೆಂಟುಗಳೂ ಒಂದರ ಹಿಂದೊಂದು ಸೀರೀಸಿನಲ್ಲಿ. ಈ ಐದೂ ಸೇರಿ ಸುಮಾರು 129 ವೋಲ್ಟ್ ಬಳಸುತ್ತವೆ. ಮಿಕ್ಕ ನೂರು ವೋಲ್ಟನ್ನು ದಪ್ಪನೆಯ ತಂತಿಸುತ್ತಿನ ರೆಸಿಸ್ಟರ್ ನುಂಗುತ್ತದೆ. ಒಂದು ಫಿಲಮೆಂಟ್ ಕಡಿದರೂ ಐದೂ ಕತ್ತಲು.

ಇಂಥ ಸೆಟ್ಟಿನಲ್ಲಿ ಪವರ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಮೇನ್ಸಿನ ಒಂದು ತಂತಿ ನೇರ ಚಾಸಿಗೇ (ಒಳಗಿನ ಲೋಹದ ಚೌಕಟ್ಟಿಗೇ) ಸೇರಿರುತ್ತದೆ. ಪ್ಲಗ್ ತಿರುಗಾಮುರುಗಾ ಆದರೆ ಇಡೀ ಚಾಸಿಯಲ್ಲಿ 230 ವೋಲ್ಟ್. ಗೆಳೆಯರು ಅವಸರಪಟ್ಟು ಪ್ಲಗ್ ಹಾಕಿದ್ದರೆ ಏನಾಗುತ್ತಿತ್ತೋ! ಸೆಟ್ಟನ್ನು ಮೇನ್ಸಿನಿಂದ ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಇವನ್ನು ಮೇಜಿನ ಮೇಲೆ ತೆರೆದು ಕರೆಂಟ್ ಕೊಡಲೇಬಾರದು.

ಮೇಣದ ಕಾಗದದ ಕಂಡೆನ್ಸರುಗಳನ್ನು ಪರೀಕ್ಷೆಗೂ ಕಾಯದೆ ತೆಗೆದುಹಾಕಿದೆ. ಅವುಗಳಲ್ಲಿ ಮುಖ್ಯವಾದದ್ದು ಸ್ಪೀಕರ್ ನಡೆಸುವ ಯುಎಲ್ 84ರ ಗ್ರಿಡ್ಡಿಗೆ (ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿಗೆ) ಧ್ವನಿ ತರುವುದು. ಅದು ಸೋರಿದರೆ ಗ್ರಿಡ್ಡಿಗೆ ಪಾಸಿಟಿವ್ ವೋಲ್ಟೇಜ್ ಏರಿ, ವಾಲ್ವ್ ಮಿತಿಮೀರಿ ಕರೆಂಟ್ ಎಳೆದು ಕೆಂಪಗೆ ಕಾಯುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಸುಡಬಹುದು. ಅಲ್ಲಿಗೆ 0.01 ಮೈಕ್ರೋಫ್ಯಾರಡ್, 630 ವೋಲ್ಟಿನ ಪಾಲಿಯೆಸ್ಟರ್ ಹಾಕಿದೆ. ಏರಿಯಲ್ ತಂತಿಗೂ ಚಾಸಿಗೂ ನಡುವಿನ ಕಂಡೆನ್ಸರ್ ಶಾರ್ಟ್ ಆದರೆ ಮಾಳಿಗೆ ಮೇಲಿನ ತಂತಿಗೂ ಕರೆಂಟ್ ಬರುತ್ತದೆ, ಆದ್ದರಿಂದ ಅಲ್ಲಿ 'ವೈ' ದರ್ಜೆಯ ಸುರಕ್ಷತಾ ಕಂಡೆನ್ಸರನ್ನೇ ಕೂಡಿಸಿದೆ. ಫಿಲ್ಟರ್ ಕಂಡೆನ್ಸರೂ ಹೊಸದು.

ನಂತರ ಆ ಐಸೊಲೇಶನ್ ಟ್ರಾನ್ಸ್‌ಫಾರ್ಮರಿನಿಂದ ನೂರು ವ್ಯಾಟಿನ ಸೀರೀಸ್ ಬಲ್ಬಿನ ಮೂಲಕ ಕರೆಂಟ್ ಕೊಟ್ಟೆ. ಬಲ್ಬು ಪೂರ್ತಿ ಉರಿದರೆ ಶಾರ್ಟ್ ಎಂದರ್ಥ; ಮಂದವಾಗಿಯೇ ಉಳಿಯಿತು. ವಾಲ್ವುಗಳು ನಿಧಾನಕ್ಕೆ ಕೆಂಪಾದವು, ಸ್ಪೀಕರಿನಲ್ಲಿ ಸಣ್ಣ ಗುಂಯ್ ಸದ್ದು.

ಇಲಿ ಕಡಿದ ಡಯಲ್ ದಾರದ ಬದಲು ನೈಲಾನ್ ದಾರ ಸುತ್ತಿದ್ದೆ, ಹೀಗಾಗಿ ಸ್ಟೇಶನ್ ತೋರಿಸುವ ಮುಳ್ಳು ಎಲ್ಲೋ ನಿಂತಿತ್ತು. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಅಂದರೆ ಡಯಲ್ಲಿನ ಮೀಟರ್ ಲೆಕ್ಕದಲ್ಲಿ 392. ಧಾರವಾಡ ಸ್ಪಷ್ಟವಾಗಿ ಹಿಡಿದಾಗ ಮುಳ್ಳನ್ನು ಆ ಗುರುತಿಗೆ ಸರಿಸಿ ಬಿಗಿದೆ.

ತಿರುಗಿಸುವ ನಾಬುಗಳ ಸ್ಕ್ರೂ ಕೈಗೆ ತಗಲದಂತೆ ಅದರ ತೂತಿಗೆ ಮೇಣ ತುಂಬಿ, ಹಿಂಬದಿಗೆ ಗಾಳಿಗಂಡಿ ಕೊರೆದ ಹೊಸ ಹಾರ್ಡ್‌ಬೋರ್ಡ್ ಬಿಗಿದೆ. ಅದನ್ನು ಬಿಚ್ಚಿ ಸೆಟ್ಟು ಹಚ್ಚಬೇಡಿರೆಂದು ಗೆಳೆಯರಿಗೆ ಹೇಳಿ ಕಳಿಸಿದೆ.