ನಮ್ಮ ಚರ್ಚಿನ ಚರಿತ್ರೆಯನ್ನು ನಾನು ಬರೆದ ಬಗೆ

ನಗರದ ಹಳೆಯ ಚರ್ಚುಗಳ ಚರಿತ್ರೆ ಎಂದು ಅಚ್ಚಾಗುವ ಪುಸ್ತಕಗಳಲ್ಲಿ ಹೆಚ್ಚಿನವು ಗುರುಗಳ ಪಟ್ಟಿಗಳು. ಯಾವ ಸ್ವಾಮಿಗಳು ಯಾವ ವರ್ಷ ಬಂದರು, ಏನು ಕಟ್ಟಿಸಿದರು, ಯಾವಾಗ ವರ್ಗವಾದರು. ಆಮೇಲೆ ಹಬ್ಬದ ಫೋಟೊಗಳು, ದಾನಿಗಳ ಹೆಸರುಗಳು. ಬೆಂಗಳೂರು ದಂಡಿನ ಪ್ರದೇಶದಲ್ಲಿರುವ ನಮ್ಮ ಧರ್ಮಕೇಂದ್ರಕ್ಕೂ ಇಂಥ ಸ್ಮರಣ ಸಂಚಿಕೆಗಳು ಹಲವು ಇವೆ. ಅವನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಓದಿದರೆ ಒಂದನ್ನು ನೋಡಿ ಇನ್ನೊಂದನ್ನು ಬರೆದದ್ದು ಗೊತ್ತಾಗುತ್ತದೆ; ಮೊದಲನೆಯದರ ಅಚ್ಚಿನ ತಪ್ಪು ಕೊನೆಯದರ ತನಕ ಹಾಗೆಯೇ ಇಳಿದು ಬಂದಿದೆ. ಗಾರೆ ಕಲಸಿದವರು, ಪೀಠಕ್ಕೆ ಹೂ ಕಟ್ಟಿದವರು, ಮಗುವನ್ನು ಎತ್ತಿಕೊಂಡು ಜ್ಞಾನಸ್ನಾನಕ್ಕೆ (ಬ್ಯಾಪ್ಟಿಸಂಗೆ) ಬಂದವರು ಅವುಗಳಲ್ಲಿ ಎಲ್ಲಿಯೂ ಇಲ್ಲ. ಅವರನ್ನು ಪುಸ್ತಕದೊಳಗೆ ತರಲೇಬೇಕೆಂದು ನಾನು ಈ ಕೆಲಸಕ್ಕೆ ಕೈ ಹಾಕಿದೆ. ಮಾಡಿದ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ, ತಮ್ಮ ಊರಿನ ಚರ್ಚಿಗೆ ಇದೇ ಕೆಲಸ ಮಾಡಬೇಕೆಂದಿರುವವರಿಗೆ ಉಪಯೋಗವಾಗಲಿ ಎಂದು.

ಮೊದಲು ನೋಡಬೇಕಾದದ್ದು ಗುರುಮನೆಯ ಬೀರುವಿನಲ್ಲಿರುವ ರಿಜಿಸ್ಟರುಗಳು. ಸ್ಮರಣ ಸಂಚಿಕೆಗಳನ್ನು ನಾನು ಬೇಕೆಂದೇ ಬದಿಗಿಟ್ಟೆ. ಅವು ಹೇಳಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮೂಲಕ್ಕೆ ಹೋದರೆ ಕಣ್ಣು ಅದನ್ನೇ ಹುಡುಕುತ್ತದೆ. ಕಥೋಲಿಕ ಧರ್ಮಸಭೆಯಲ್ಲಿ ಮದುವೆಗಳನ್ನು ದಾಖಲಿಸಬೇಕೆಂಬ ನಿಯಮ 1563ರಲ್ಲಿ ಟ್ರೆಂಟ್ ಮಹಾಸಭೆಯಿಂದ ಬಂತು. ಜ್ಞಾನಸ್ನಾನ, ಮರಣ ಮುಂತಾದವುಗಳ ದಾಖಲೆಗೆ 1614ರ ರೋಮನ್ ವಿಧಿಗ್ರಂಥ ಮಾದರಿ ಹಾಕಿಕೊಟ್ಟಿತು. ಅದರಿಂದಲೇ ಫ್ರಾನ್ಸಿನ ಹಳ್ಳಿಯ ಚರ್ಚಿನ ರಿಜಿಸ್ಟರಿಗೂ ಬೆಂಗಳೂರಿನ ರಿಜಿಸ್ಟರಿಗೂ ವಾಕ್ಯರಚನೆ ಒಂದೇ. ಒಂದು ಪುಟದ ಲ್ಯಾಟಿನ್ ಅರ್ಥವಾದರೆ ಉಳಿದ ಸಾವಿರ ಪುಟ ಓದಬಹುದು. ತಾರೀಖು, ‘ಕೆಳಗೆ ಸಹಿ ಮಾಡಿದ ನಾನು ಜ್ಞಾನಸ್ನಾನ ಕೊಟ್ಟೆ’ ಎಂಬ ಮಾತು, ಮಗುವಿನ ಹೆಸರು, ತಂದೆ ತಾಯಿ, ಮಗುವಿನ ಪರವಾಗಿ ನಿಲ್ಲುವ ಜ್ಞಾನತಂದೆ, ಜ್ಞಾನತಾಯಿ, ಸಹಿ. ಇಷ್ಟೇ.

ಆದರೆ ಈ ಓದಿಗೆ ಅನುಮತಿ ಬೇಕು. ರಿಜಿಸ್ಟರುಗಳು ಸಾರ್ವಜನಿಕ ಪುಸ್ತಕಗಳಲ್ಲ. 1983ರ ಧರ್ಮಸಭಾ ಸಂಹಿತೆಯ 535ನೆಯ ನಿಯಮ ಅವುಗಳ ಜೋಪಾನವನ್ನು ವಿಚಾರಣಾ ಗುರುವಿಗೆ ವಹಿಸುತ್ತದೆ. ಅವು ಪರರ ಕೈಗೆ ಸಿಗದಂತೆ ನೋಡಿಕೊಳ್ಳಬೇಕೆಂದೂ ಹೇಳುತ್ತದೆ. ನಾನು ಗುರುಗಳಿಗೂ ಮಹಾಧರ್ಮಾಧ್ಯಕ್ಷರ ಕಚೇರಿಗೂ ಬರಹದಲ್ಲಿ ಕೇಳಿದೆ: ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವುದನ್ನು ಅಚ್ಚು ಮಾಡುತ್ತೇನೆ, ಯಾವುದನ್ನು ಮಾಡುವುದಿಲ್ಲ ಎಂದು. ಬದುಕಿರುವವರ ಕಾಲದ ಪುಟಗಳನ್ನು ತೆರೆಯುವುದಿಲ್ಲ ಎಂದು ನಾನೇ ಬರೆದುಕೊಟ್ಟೆ. ತಂದೆಯ ಹೆಸರಿರುವ ಕಡೆ ‘ಅಜ್ಞಾತ’ ಎಂದಿರುವ ದಾಖಲೆಗಳಿರುತ್ತವೆ. ಅಂಥ ಮಗುವಿನ ವಂಶದವರು ಇಂದು ಪಕ್ಕದ ಬೆಂಚಿನಲ್ಲಿ ಕುಳಿತಿರಬಹುದು. ಅಂಥ ದಾಖಲೆ ಯಾವುದೂ ನನ್ನ ಪುಸ್ತಕದಲ್ಲಿಲ್ಲ.

ಪುಟ ತಿರುಗಿಸಲು ಕೈಗವಸು ಬೇಡ. ಕೈಯನ್ನು ಚೆನ್ನಾಗಿ ತೊಳೆದು ಒರೆಸಿಕೊಂಡರೆ ಸಾಕು. ಗವಸು ಹಾಕಿದರೆ ಬೆರಳಿಗೆ ಹಾಳೆಯ ಅಂಚು ತಿಳಿಯದೆ ಹರಿಯುತ್ತದೆ. ಆ ಕಾಲದ ಕಬ್ಬಿಣದ ಶಾಯಿ ವರ್ಷ ಕಳೆದಂತೆ ಕಾಗದವನ್ನೇ ತಿನ್ನುತ್ತದೆ. ದಪ್ಪವಾಗಿ ಬರೆದ ದೊಡ್ಡಕ್ಷರಗಳಿದ್ದ ಕಡೆ ನಮ್ಮ ರಿಜಿಸ್ಟರಿನಲ್ಲಿ ಅಕ್ಷರದ ಆಕಾರದ ತೂತುಗಳೇ ಇವೆ. ಬರೆದುಕೊಳ್ಳಲು ಪೆನ್ಸಿಲ್ ಮಾತ್ರ ಬಳಸಿದೆ. ಲ್ಯಾಮಿನೇಷನ್ ಮಾಡಿಸೋಣ ಎಂದು ಯಾರಾದರೂ ಒಳ್ಳೆಯ ಮನಸ್ಸಿನಿಂದ ಹೇಳಿದರೆ ದಯವಿಟ್ಟು ತಡೆಯಿರಿ. ಒಮ್ಮೆ ಬಿಸಿ ಪ್ಲಾಸ್ಟಿಕ್ ಅಂಟಿದರೆ ಹಾಳೆಗೆ ಹಾನಿಯಾಗದಂತೆ ಬಿಡಿಸುವುದು ಬಹಳ ಕಷ್ಟ.

ತಾರೀಖುಗಳಲ್ಲಿ ಒಂದು ಗುಂಡಿ ಇದೆ. ‘7ಬ್ರಿಸ್’ ಎಂದು ಬರೆದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. 8 ಅಂದರೆ ಅಕ್ಟೋಬರ್, 9 ನವೆಂಬರ್, ರೋಮನ್ ಹತ್ತು ಇದ್ದರೆ ಡಿಸೆಂಬರ್. ಹಳೆಯ ರೋಮನ್ ವರ್ಷ ಮಾರ್ಚಿನಿಂದ ಎಣಿಕೆಯಾಗುತ್ತಿದ್ದುದರ ಉಳಿಕೆ ಇದು. ನಮ್ಮ ಸಂಚಿಕೆಯೊಂದರಲ್ಲಿ ಹಳೆಯ ಗುರುವೊಬ್ಬರು ತಾವು ಬೆಂಗಳೂರಿಗೆ ಬರುವ ಮೊದಲೇ ಇಲ್ಲಿ ಜ್ಞಾನಸ್ನಾನ ಕೊಡುತ್ತಿದ್ದರು ಎಂಬಂತೆ ಆಗಿರುವುದು ಈ ಎಣಿಕೆಯಿಂದಲೇ.

ಹೆಸರುಗಳ ವಿಷಯ ಇನ್ನೂ ಸೂಕ್ಷ್ಮ. ನಮ್ಮಲ್ಲಿ ಬರೆದವರು ಹೆಚ್ಚಾಗಿ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದ ಫ್ರೆಂಚ್ ಗುರುಗಳು. ಅವರು ಕೇಳಿದ ಹೆಸರನ್ನು ಫ್ರೆಂಚ್ ಕಿವಿಗೆ ತಕ್ಕಂತೆ ಬರೆದರು, ಕೆಲವೊಮ್ಮೆ ಲ್ಯಾಟಿನ್ ಮಾಡಿದರು. ಜ್ಞಾನಸ್ನಾನದಲ್ಲಿ ಪೇತ್ರುಸ್ ಆದವನು ಮದುವೆಯಲ್ಲಿ ರಾಯಪ್ಪ, ಇಗ್ನಾಸಿಯುಸ್ ಆದವನು ಇನ್ನಾಸಪ್ಪ, ಕ್ಸಾವೇರಿಯುಸ್ ಆದವನು ಚೌರಪ್ಪ. ಇದು ತಿಳಿಯದೆ ಎಣಿಸಿದರೆ ಒಂದು ಮನೆತನ ಎರಡಾಗಿ ಕಾಣುತ್ತದೆ. ನಾನು ಪ್ರತಿಯೊಬ್ಬರಿಗೂ ಒಂದು ಕಾರ್ಡ್ ಮಾಡಿ, ಹೆಸರಿನ ಜೊತೆಗೆ ತಾಯಿಯ ಹೆಸರು ಮತ್ತು ಜ್ಞಾನತಂದೆ ಜ್ಞಾನತಾಯಿಯರ ಹೆಸರುಗಳನ್ನು ಬರೆದೆ. ಈ ಕೊನೆಯ ಎರಡು ಹೆಸರುಗಳೇ ಬಹಳ ಸಲ ಗಂಟು ಬಿಡಿಸಿದವು. ಬಡವರ ಮನೆಯ ಮಕ್ಕಳಿಗೆ ಮತ್ತೆ ಮತ್ತೆ ಜ್ಞಾನತಾಯಿಯಾಗಿ ನಿಂತ ಒಬ್ಬ ಹೆಂಗಸು ನಮ್ಮ ರಿಜಿಸ್ಟರಿನಲ್ಲಿ ಇದ್ದಾರೆ. ಯಾವ ಸಂಚಿಕೆಯಲ್ಲಿಯೂ ಅವರ ಹೆಸರಿಲ್ಲ. ಅವರ ಸುತ್ತ ಒಂದು ಅಧ್ಯಾಯವೇ ಬೆಳೆಯಿತು.

ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆ ನಾನು ಒತ್ತಿ ಹೇಳುವುದು ಜ್ಞಾನಸ್ನಾನದ ರಿಜಿಸ್ಟರಿನ ಅಂಚಿನ ಬಗ್ಗೆ. 1907ರಲ್ಲಿ ರೋಮಿನಿಂದ ಬಂದು 1908ರ ಈಸ್ಟರಿನಿಂದ ಜಾರಿಯಾದ ಆಜ್ಞೆಯ ಪ್ರಕಾರ, ಒಬ್ಬ ಕಥೋಲಿಕ ಎಲ್ಲೇ ಮದುವೆಯಾದರೂ ಅಲ್ಲಿಯ ಗುರು ಅವನ ಜ್ಞಾನಸ್ನಾನದ ಊರಿಗೆ ತಿಳಿಸಬೇಕು. ಅದನ್ನು ಇಲ್ಲಿ ಅವನ ಹೆಸರಿನ ಪಕ್ಕದಲ್ಲಿ ಬರೆಯಬೇಕು. ಹಾಗಾಗಿ 19ನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ಮಕ್ಕಳ ಸಾಲುಗಳ ಪಕ್ಕದಲ್ಲಿ, ಬೇರೆ ಶಾಯಿಯಲ್ಲಿ, ಬೇರೆ ಕೈಬರಹದಲ್ಲಿ ಊರುಗಳ ಹೆಸರುಗಳಿವೆ: ಕೋಲಾರದ ಚಿನ್ನದ ಗಣಿ, ಹುಬ್ಬಳ್ಳಿ, ಮದರಾಸು, ರಂಗೂನ್. ಮುಖ್ಯ ಸಾಲು ಮಗುವಿನ ಹುಟ್ಟನ್ನು ಹೇಳಿದರೆ ಅಂಚು ಅದೇ ಮಗು ದೊಡ್ಡವನಾಗಿ ಹೊಟ್ಟೆಪಾಡಿಗೆ ಎಲ್ಲಿಗೆ ಹೋದ ಎಂಬುದನ್ನು ಹೇಳುತ್ತದೆ. ಮುಖ್ಯ ಸಾಲುಗಳನ್ನಷ್ಟೇ ನಕಲು ಮಾಡುವವರು ಈ ಅಂಚನ್ನು ಬಿಟ್ಟುಬಿಡುತ್ತಾರೆ, ಫೋಟೊ ತೆಗೆಯುವವರು ಕತ್ತರಿಸಿಬಿಡುತ್ತಾರೆ. ಹಾಳೆಯ ನಾಲ್ಕೂ ಅಂಚು ಚಿತ್ರದಲ್ಲಿ ಬರಬೇಕು.

ಮರಣದ ರಿಜಿಸ್ಟರನ್ನು ನಾನು ನಿಧಾನವಾಗಿ ಓದಿದೆ. 1876ರಿಂದ 78ರವರೆಗಿನ ಮಹಾ ಕ್ಷಾಮದ ಕಾಲದಲ್ಲಿ ಬರವಣಿಗೆಯೇ ಬದಲಾಗುತ್ತದೆ. ಪೂರ್ತಿ ವಾಕ್ಯಗಳು ನಿಂತು ಬರೀ ಹೆಸರು, ಅಂದಾಜು ವಯಸ್ಸು, ‘ಹೊರಗಿನಿಂದ ಬಂದವಳು’ ಎಂಬ ಒಂದು ಮಾತು. ಹೆಸರು ಕೂಡ ಗೊತ್ತಿಲ್ಲದವರಿದ್ದಾರೆ. 1898ರಲ್ಲಿ ಪ್ಲೇಗ್ ಬೆಂಗಳೂರಿಗೆ ಬಂದಾಗ ಅದೇ ಮತ್ತೆ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಆ ರೋಗದ ಹೊಡೆತದಲ್ಲಿ ಬೆಳೆದವು ಎಂಬುದು ನಗರದ ಎಲ್ಲ ಚರಿತ್ರೆಗಳಲ್ಲಿ ಇದೆ. ಸತ್ತವರು ಯಾವ ಬೀದಿಯವರು, ಒಂದು ಮನೆಯಲ್ಲಿ ಎಷ್ಟು ಜನ ಎಂಬುದು ಇಂಥ ರಿಜಿಸ್ಟರುಗಳಲ್ಲಿ ಇದೆ. ಆ ಹೆಸರುಗಳನ್ನು ನಾನು ಸಾರಾಂಶ ಮಾಡಲಿಲ್ಲ. ಓದಲು ಬಂದಷ್ಟನ್ನು ಇದ್ದ ಕ್ರಮದಲ್ಲೇ ಅಚ್ಚು ಮಾಡಿಸಿದೆ. ಪುಟ ಹೆಚ್ಚಾಯಿತೆಂದು ಮುದ್ರಕರು ಹೇಳಿದರು; ಹೆಚ್ಚಾಗಲಿ ಎಂದೆ.

ಕಟ್ಟಡದ ಕಾಲ ಗೊತ್ತು ಮಾಡಲು ಕಟ್ಟಡವನ್ನೇ ನೋಡಬೇಕು. ಈಗಿರುವ ಚಾವಣಿ ಮೊದಲ ಕಟ್ಟಡದ್ದೇ, ದಂಡು ಬಂದ ಹೊಸತರದ್ದು ಎಂದು ಸಂಚಿಕೆಗಳೆಲ್ಲ ಹೇಳುತ್ತವೆ. ದಂಡು ನೆಲೆಯಾದದ್ದು 1809ರಲ್ಲಿ. ದುರಸ್ತಿಗೆಂದು ಹೆಂಚು ಇಳಿಸಿದಾಗ ನಾನು ಒಂದನ್ನು ಕೈಗೆ ತೆಗೆದುಕೊಂಡು ಹಿಂಬದಿಯ ಧೂಳು ಒರೆಸಿದೆ. ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆಯ ಮುದ್ರೆ, ಮಂಗಳೂರು ಎಂಬ ಅಕ್ಷರಗಳು. ಆ ಕಾರ್ಖಾನೆ ಆರಂಭವಾದದ್ದು 1865ರಲ್ಲಿ. ಅಲ್ಲಿಗೆ ಚಾವಣಿ ಅದಕ್ಕಿಂತ ಹಳೆಯದಲ್ಲ, ಕೊನೆಯ ಪಕ್ಷ ಹೆಂಚಂತೂ ಅಲ್ಲ. ಗೋಡೆಯ ದಪ್ಪ, ಕಿಟಕಿಯ ಕಮಾನು ಹಳೆಯವೇ, ಮೇಲಿನದು ಆಮೇಲಿನದು. ಸವೆದ ಶಿಲಾಫಲಕಗಳಿಗೆ ಸುಣ್ಣದ ಪುಡಿ, ಎಣ್ಣೆ ಸವರಿ ಓದುವ ಚಾಳಿ ಇದೆ. ಕಲ್ಲಿಗೆ ಅದು ಕೆಡುಕು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿದು ಬೆಳಕನ್ನು ಅಡ್ಡಕ್ಕೆ ಹಾಯಿಸಿದರೆ ಹಗಲಿನಲ್ಲಿ ಕಾಣದ ಅಕ್ಷರ ನೆರಳಿನಲ್ಲಿ ಮೂಡುತ್ತದೆ.

ಲೆಕ್ಕದ ಪುಸ್ತಕಗಳನ್ನು ಯಾರೂ ಓದಿರಲಿಲ್ಲ. ರೂಪಾಯಿ, ಆಣೆ, ಪೈ. ಹನ್ನೆರಡು ಪೈಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ. 1957ರ ತನಕ ಹೀಗೆಯೇ. ‘ನಮ್ಮ ಅಜ್ಜಿಯಂದಿರು ಕೂಲಿ ತೆಗೆದುಕೊಳ್ಳದೆ ಇಟ್ಟಿಗೆ ಹೊತ್ತರು’ ಎಂದು ಬೀದಿಯ ಹಿರಿಯರು ಹೇಳುತ್ತಿದ್ದರು. ಪುಸ್ತಕದಲ್ಲಿ ನೋಡಿದರೆ ವಾರವಾರವೂ ಹೆಣ್ಣಾಳುಗಳಿಗೆ ಕೂಲಿ ಕೊಟ್ಟ ಲೆಕ್ಕವಿದೆ. ಹಿರಿಯರ ಮಾತು ಸುಳ್ಳು ಎನ್ನಲು ಅಷ್ಟು ಸಾಕಾಗುತ್ತಿತ್ತೋ ಏನೋ. ಆದರೆ ಶನಿವಾರಗಳ ಸಾಲಿನಲ್ಲಿ ಕೂಲಿ ಇಲ್ಲ, ಬೆಲ್ಲ ಮತ್ತು ಅವಲಕ್ಕಿಯ ಖರ್ಚು ಮಾತ್ರ ಇದೆ. ಕೂಲಿಯಿಲ್ಲದೆ ದುಡಿದವರಿಗೆ ತಿನ್ನಲು ಕೊಟ್ಟದ್ದಲ್ಲದೆ ಅದು ಇನ್ನೇನು? ಬಾಯಿಮಾತನ್ನು ತಳ್ಳಿಹಾಕುವ ಮೊದಲು ದಾಖಲೆಯನ್ನು ಕೊನೆಯ ಸಾಲಿನವರೆಗೆ ಓದಬೇಕು.

ಊರಿನ ಹೊರಗಿನ ದಾಖಲೆಗಳಿಗೆ ಮಿಷನ್ನಿನ ಆಡಳಿತ ಹೇಗೆ ಬದಲಾಯಿತು ಎಂಬುದು ಗೊತ್ತಿರಬೇಕು. ಮೈಸೂರು ಮಿಷನ್ ಮೊದಲು ಪುದುಚೇರಿಯ ಕೈಕೆಳಗಿತ್ತು, 1850ರಲ್ಲಿ ಪ್ರತ್ಯೇಕವಾಯಿತು, 1886ರಲ್ಲಿ ಧರ್ಮಪ್ರಾಂತ್ಯ (ಡಯಾಸಿಸ್) ಆಯಿತು. ಬೆಂಗಳೂರು ಧರ್ಮಪ್ರಾಂತ್ಯ ಹುಟ್ಟಿದ್ದು 1940ರಲ್ಲಿ, ಮಹಾಧರ್ಮಪ್ರಾಂತ್ಯವಾದದ್ದು 1953ರಲ್ಲಿ. ಆದ್ದರಿಂದ ಪ್ಯಾರಿಸ್ಸಿನ ರೂ ದ್ಯು ಬಾಕ್ ಬೀದಿಯಲ್ಲಿರುವ ಮಿಷನ್ ಸಂಘದ ದಫ್ತರಖಾನೆಯಲ್ಲಿ ಬೆಂಗಳೂರು ಎಂದು ಹುಡುಕುವುದಕ್ಕಿಂತ ಮೈಸೂರು ಎಂದು ಹುಡುಕಬೇಕು. ಪ್ರತಿ ಮಿಷನರಿಗೂ ಒಂದು ಕ್ರಮಸಂಖ್ಯೆ ಇದೆ. ಜೀವನದ ಟಿಪ್ಪಣಿ, ವಾರ್ಷಿಕ ವರದಿಗಳು ಅಂತರ್ಜಾಲದಲ್ಲೇ ಓದಲು ಸಿಗುತ್ತವೆ. ಸೈನ್ಯದ ಕುಟುಂಬಗಳಿಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಮದರಾಸು ಸರಣಿಯನ್ನು ನೋಡಬೇಕು. ಪ್ರಾಟೆಸ್ಟೆಂಟ್ ಚರ್ಚುಗಳ ಬಗ್ಗೆ ಬರೆಯುವವರಿಗೆ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಸಂಗ್ರಹವೂ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿರುವ ಬಾಸೆಲ್ ಮಿಷನ್ ಕಾಗದಪತ್ರಗಳೂ ಹತ್ತಿರದ ದೊಡ್ಡ ಆಸರೆ.

ಎರಡು ಸಂಗತಿಗಳನ್ನು ಬರೆಯಬೇಡಿ ಎಂದು ಹಿತೈಷಿಗಳು ಹೇಳಿದರು. ಒಂದು ಜಾತಿ. ಹಳೆಯ ದಾಖಲೆಗಳಲ್ಲಿ ಹೆಸರಿನ ಪಕ್ಕದಲ್ಲಿ ಜಾತಿ ಇದೆ. ಪೂಜೆಯ ಹೊತ್ತಿಗೆ ಕೂರುವ ಜಾಗವೂ ಸ್ಮಶಾನದ ಸಾಲೂ ಬೇರೆಯಾಗಿದ್ದವು. ಯಾವ ಕುಟುಂಬ ಯಾವ ಜಾತಿ ಎಂದು ನಾನು ಅಚ್ಚು ಮಾಡಲಿಲ್ಲ. ಆದರೆ ಬೇರ್ಪಡಿಸಿ ಕೂರಿಸಿದ್ದನ್ನು, ಅದರ ವಿರುದ್ಧ ಬರೆದ ಅರ್ಜಿಯನ್ನು ಸೇರಿಸಿದೆ. ದೇವರ ಮನೆಯಲ್ಲಿ ಹೊರಗೆ ನಿಂತವರ ನೋವನ್ನು ಬಿಟ್ಟು ಆ ದೇವಾಲಯದ ಚರಿತ್ರೆ ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನೊಂದು ಭಾಷೆ. ಎರಡನೆಯ ವ್ಯಾಟಿಕನ್ ಮಹಾಸಭೆಯವರೆಗೆ ಪೂಜೆ ಲ್ಯಾಟಿನ್‌ನಲ್ಲಿತ್ತು. ಜನರ ಭಾಷೆಗೆ ಬಂದ ಮೇಲೆ ಯಾವ ಜನರ ಭಾಷೆ ಎಂಬ ತಕರಾರು ಬೆಂಗಳೂರಿನ ಕಥೋಲಿಕರನ್ನು ಬಹಳ ನೋಯಿಸಿದೆ. ನಾನು ಕನ್ನಡದವನು, ಕನ್ನಡಕ್ಕೆ ಇಲ್ಲಿ ಅದರ ಜಾಗ ಸಿಗಬೇಕೆಂದು ಬಯಸಿದವನು. ಹಾಗಿದ್ದೂ ಪುಸ್ತಕದಲ್ಲಿ ನನ್ನ ಬಯಕೆಗಿಂತ ಪ್ರಕಟಣೆ ಪುಸ್ತಕಕ್ಕೆ ಬೆಲೆ ಕೊಟ್ಟೆ. ಭಾನುವಾರ ಪೂಜೆಯ ನಂತರ ಓದಬೇಕಾದ ಸೂಚನೆಗಳನ್ನು ಗುರುಗಳು ಬರೆದಿಡುವ ಪುಸ್ತಕ ಅದು. ಯಾವ ಹೊತ್ತಿನ ಪ್ರಸಂಗ (ಗುರುಗಳ ಪ್ರವಚನ) ಯಾವ ಭಾಷೆಯಲ್ಲಿ, ಯಾರ ವಿವಾಹ ಪ್ರಕಟಣೆ, ಹಾರ್ಮೋನಿಯಂ ದುರಸ್ತಿಗೆ ಎಷ್ಟು ಕಾಣಿಕೆ ಬಂತು, ಎಲ್ಲ ಅದರಲ್ಲಿದೆ. ಕನ್ನಡ, ತಮಿಳು, ಇಂಗ್ಲಿಷ್ ಪ್ರಸಂಗಗಳು ಒಂದೇ ಬೆಳಗಿನಲ್ಲಿ ಒಂದರ ಹಿಂದೆ ಒಂದು ನಡೆದ ವರ್ಷಗಳು ಅಲ್ಲಿವೆ. ಇದ್ದದ್ದನ್ನು ಇದ್ದಂತೆ ಅಚ್ಚು ಮಾಡಿದ್ದರಿಂದ ಎರಡೂ ಕಡೆಯವರು ಪುಸ್ತಕ ಕೊಂಡರು, ಎರಡೂ ಕಡೆಯವರು ಸ್ವಲ್ಪ ಮುನಿಸಿಕೊಂಡರು.

ಪುಸ್ತಕಕ್ಕೆ ಹೆಸರಿನ ಸೂಚಿ ಇರಲೇಬೇಕು. ಇಲ್ಲಿನ ಸ್ಮರಣ ಸಂಚಿಕೆಗಳಲ್ಲಿ ಅದು ಇರುವುದೇ ಇಲ್ಲ, ಜನ ಮೊದಲು ತೆರೆಯುವುದು ಅದನ್ನೇ. 1954ರ ಕಾಯಿದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಉಳಿದ ನಿಗದಿತ ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯಕ್ಕೂ ಒಂದನ್ನು ನಾನೇ ಕೊಟ್ಟು ಬಂದೆ. ಗುರುಮನೆಯಲ್ಲಿ ಒಂದು ವಿಶೇಷ ಪ್ರತಿ ಇಟ್ಟಿದ್ದೇನೆ: ಪ್ರತಿ ಅಚ್ಚಿನ ಪುಟದ ಎದುರಿಗೆ ಒಂದು ಖಾಲಿ ಹಾಳೆ ಸೇರಿಸಿ ಹೊಲಿಸಿದ್ದು. ಮನೆಯವರು ಬಂದು ತಿದ್ದುಪಡಿಯನ್ನು, ತಮ್ಮಲ್ಲಿರುವ ಕಾಗದದ ವಿವರವನ್ನು ತಾವೇ ಬರೆದು ತಾರೀಖು ಹಾಕಿ ಹೋಗುತ್ತಾರೆ. ಕ್ಷಾಮದ ಪುಟಗಳ ಎದುರಿಗೆ ಈಗಾಗಲೇ ಜಾಗ ಸಾಲದಾಗಿದೆ. ಅಲ್ಲಿಗೆ ಇನ್ನಷ್ಟು ಹಾಳೆ ಹೊಲಿಸಬೇಕು.