ಹನ್ನೊಂದು ಸೊನ್ನೆಯ ಕಥೆ

ದಾವಣಗೆರೆಯ ಅಶೋಕ ರಸ್ತೆ ಹತ್ತಿರ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಓದಿದ್ದು ಐಟಿಐ. ಮಗಳಿಗೆ ಆನ್‌ಲೈನ್ ಗಣಿತದ ಕ್ಲಾಸು ಹುಡುಕುತ್ತಾ ಎರಡು ವರ್ಷ ಅಲೆದಿದ್ದೇನೆ. ನನ್ನ ಹಾಗೇ ಹುಡುಕುತ್ತಿರುವವರಿಗೆ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ.

ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಅಂಗಡಿಗೆ ಬಂದಿದ್ದಳು. ಹಿಟ್ಟಿನ ಗಿರಣಿಯ ಮೋಟಾರು ಸುಟ್ಟು ಬಂದಿತ್ತು: ತ್ರೀ ಫೇಸ್, ನಾಲ್ಕು ಪೋಲ್, 36 ಸ್ಲಾಟ್, ಅಂದರೆ ಕಾಯಿಲು ಕೂರಿಸುವ 36 ಸಂದು. ಕಾಯಿಲನ್ನು ಮೂರು ಮೂರರ ಗುಂಪು ಮಾಡಿ ಕೂರಿಸುತ್ತಿದ್ದೆ. ಸುಮ್ಮನೆ ನೋಡುತ್ತಾ ಕೂತವಳು, "ಅಪ್ಪಾಜಿ, 24 ಆದ್ರೆ ಎರಡೆರಡು, 48 ಆದ್ರೆ ನಾಕ್ ನಾಕು. 30 ಸ್ಲಾಟಿಂದು ಬಂದ್ರೆ ಏನ್ ಮಾಡ್ತಿ?" ಅಂದಳು. ಮೂರು ಫೇಸು, ನಾಲ್ಕು ಪೋಲು ಗುಣಿಸಿದರೆ ಹನ್ನೆರಡು ಗುಂಪು, ಗುಂಪು ಸಮನಾಗಿರಬೇಕಾದರೆ ಸ್ಲಾಟು ಹನ್ನೆರಡರಿಂದ ಭಾಗ ಹೋಗಬೇಕು ಅಂತ ನಾನು ಅವಳಿಗೆ ಹೇಳೇ ಇರಲಿಲ್ಲ. ಶಾಲೆಯಲ್ಲಿ ಮಾತ್ರ ಅವಳ ಮೇಲಿನ ದೂರು ಒಂದೇ: ಲೆಕ್ಕ ಬೇಗ ಮುಗಿಸಿ ಪಕ್ಕದವರನ್ನು ಮಾತಾಡಿಸ್ತಾಳೆ.

ಐದನೇ ಕ್ಲಾಸಿಗೆ ಬಂದಾಗ ಒಂದು ಕಂಪನಿಯ ಹುಡುಗ ಟೈ ಕಟ್ಟಿಕೊಂಡು ಮನೆಗೇ ಬಂದ. ಟ್ಯಾಬಿನಲ್ಲಿ ಇಪ್ಪತ್ತು ಪ್ರಶ್ನೆಯ ಪರೀಕ್ಷೆ ಕೊಟ್ಟ. ಮುಗಿಯುತ್ತಲೇ "ಅಸಾಧಾರಣ ಪ್ರತಿಭೆ" ಅಂತ ಬಣ್ಣದ ಸರ್ಟಿಫಿಕೇಟು ಬಂತು. "ಸರ್, ಇಂಥ ಮಗುನ ಹಿಂಗೇ ಬಿಟ್ರೆ ಅನ್ಯಾಯ ಆಗುತ್ತೆ" ಅಂದ. ಬೆಣ್ಣೆ ಹಚ್ಚೋದನ್ನ ದಾವಣಗೆರೆಗೆ ಬಂದು ತೋರಿಸುತ್ತಾನಲ್ಲ ಅಂತ ನಗು ಬಂದರೂ, ಮಗಳ ವಿಷಯ ನೋಡಿ, ಮನಸ್ಸು ಕರಗಿತ್ತು. ಮೂರು ವರ್ಷದ ಕೋರ್ಸಿಗೆ 72,000 ರೂಪಾಯಿ, 24 ಕಂತು, ಈಗಲೇ ಸಹಿ.

"ರೀ, ನಾಳೆ ಹೇಳ್ತೀವಿ ಅನ್ರಿ" ಅಂತ ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. ಅವನು ಲಿಂಕು ಕೊಟ್ಟು ಹೋದ. ಆ ರಾತ್ರಿ ತಂಗಿಯ ಮಗನನ್ನು ಕೂರಿಸಿ, ಪ್ರಶ್ನೆ ಓದಬೇಡ, ಎಲ್ಲದಕ್ಕೂ ಮೊದಲನೇ ಉತ್ತರ ಒತ್ತು ಅಂದೆ. ಅವನಿಗೂ ಅಸಾಧಾರಣ ಪ್ರತಿಭೆ! ಆ ಸರ್ಟಿಫಿಕೇಟನ್ನು ನನ್ನ ತಂಗಿ ಇನ್ನೂ ತೆಗೆದಿಟ್ಟಿದ್ದಾಳೆ. ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರಿನಲ್ಲೇ ಇಂಥ ಕಂಪನಿಗಳ ಬಗ್ಗೆ ಪೋಷಕರಿಗೆ ಎಚ್ಚರಿಕೆ ಕೊಟ್ಟಿತ್ತು. ತಾನಾಗಿ ಹಣ ಕಡಿತವಾಗುವುದಕ್ಕೆ ಒಪ್ಪಬೇಡಿ ಅಂತ ಅದರಲ್ಲಿದೆ ಅನ್ನೋದು ನನಗೆ ಗೊತ್ತಾಗಿದ್ದು ಆಮೇಲೆ.

ಹಾಗಾದರೆ ಮಗು ನಿಜಕ್ಕೂ ಎಲ್ಲಿದೆ ಅಂತ ತಿಳಿಯೋದು ಹೇಗೆ? ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಟಾನ್ಲಿ ಅನ್ನುವವರು 1971ರಲ್ಲಿ ಇಂಥ ಮಕ್ಕಳ ಅಧ್ಯಯನ ಶುರುಮಾಡಿದರು. ಕಾಲೇಜಿಗೆ ಸೇರುವವರು ಬರೆಯುವ ಎಸ್‌ಎಟಿ ಪರೀಕ್ಷೆಯನ್ನು ಹನ್ನೆರಡು ಹದಿಮೂರು ವರ್ಷದ ಮಕ್ಕಳಿಂದ ಬರೆಸಿದರು. ತನ್ನ ಕ್ಲಾಸಿನ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆಯುವ ಮಕ್ಕಳಲ್ಲಿ ಯಾರು ಎಷ್ಟು ಮುಂದೆ ಅಂತ ಆ ಪರೀಕ್ಷೆ ಹೇಳಲ್ಲ, ಮೇಲಿನ ಕ್ಲಾಸಿಂದು ಹೇಳುತ್ತೆ ಅನ್ನೋದು ಅವರ ಲೆಕ್ಕ. ನಾನೂ ಏಳನೇ ಕ್ಲಾಸಿನ ಗಣಿತ ಪುಸ್ತಕ ತಂದು ಭಾನುವಾರಕ್ಕೊಂದು ಅಧ್ಯಾಯದ ಕೊನೆಯ ಪ್ರಶ್ನೆ ಕೊಟ್ಟೆ. ಭಿನ್ನರಾಶಿ, ಶೇಕಡಾ ಸಲೀಸು. ರೇಖಾಗಣಿತದಲ್ಲಿ ಸಿಕ್ಕಿಕೊಂಡಳು. ಖರ್ಚಾಗಿದ್ದು ಪುಸ್ತಕದ ದುಡ್ಡು ಮಾತ್ರ.

ಆಮೇಲೆ ಒಂದೊಂದೇ ನೋಡಿದೆವು. ಅದೇ ಜಾನ್ಸ್ ಹಾಪ್‌ಕಿನ್ಸ್‌ನವರು ಪ್ರತಿಭಾವಂತ ಮಕ್ಕಳಿಗೆ ಆನ್‌ಲೈನ್ ಕೋರ್ಸು ನಡೆಸುತ್ತಾರೆ, ಆದರೆ ಫೀಸು ಡಾಲರಿನಲ್ಲಿ. ಅಮೆರಿಕದ ನೇರ ಕ್ಲಾಸುಗಳದ್ದು ಇನ್ನೊಂದು ಪೇಚು: ನ್ಯೂಯಾರ್ಕಿನ ಸಂಜೆ ಏಳು ಅಂದರೆ ನಮಗೆ ಅವರ ಬೇಸಿಗೆಯಲ್ಲಿ ನಸುಕಿನ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ. ಮಂಡಕ್ಕಿ ಭಟ್ಟಿಯವರು ಏಳೋ ಹೊತ್ತಿಗೆ ಮಗುನ ಎಬ್ಬಿಸಲ್ಲ ಅಂತ ಮನೆಯಾಕೆ ಕಡ್ಡಿ ಮುರಿದಂತೆ ಹೇಳಿದಳು. ಖಾನ್ ಅಕಾಡೆಮಿ ಅನ್ನೋ ಪಾಠದ ಜಾಲತಾಣ ಪೂರ್ತಿ ಉಚಿತ, ಪಾಠ ಹೊಸದಾಗಿ ಅರ್ಥವಾಗಲಿಕ್ಕೆ ಬಹಳ ಒಳ್ಳೆಯದು. ಇವಳು ಮಾತ್ರ ಅದನ್ನ ಮಂಡಕ್ಕಿ ತಿಂದಂತೆ ತಿಂದು ಮುಗಿಸುತ್ತಿದ್ದಳು. ಆರ್ಟ್ ಆಫ್ ಪ್ರಾಬ್ಲಂ ಸಾಲ್ವಿಂಗ್‌ನವರ ಅಲ್ಕ್ಯುಮಸ್ ಅನ್ನೋ ಲೆಕ್ಕ ಬಿಡಿಸುವ ತಾಣ ಕೂಡ ಉಚಿತವೇ. ಸಮಸ್ಯೆ ಗಟ್ಟಿ, ಇಂಗ್ಲಿಷೂ ಗಟ್ಟಿ.

ಅಲ್ಲೊಂದು ವಿಚಿತ್ರ ಕಂಡೆ. ಸುಲಭದ ಲೆಕ್ಕಗಳೂ ಸಾಲಾಗಿ ತಪ್ಪುತ್ತಿದ್ದವು. ಪಕ್ಕದಲ್ಲಿ ಕೂತು ಓದಿಸಿದೆ. "ಅಟ್ ಲೀಸ್ಟ್" ಅಂದರೆ "ಕಮ್ಮಿ" ಅಂತ ತಿಳಿದುಕೊಂಡಿದ್ದಾಳೆ! ಅವಳು ಯೋಚನೆ ಮಾಡೋದು ಕನ್ನಡದಲ್ಲಿ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದೆವು: ಅಟ್ ಲೀಸ್ಟ್ ಅಂದ್ರೆ ಇಷ್ಟಾದ್ರೂ, ಅಟ್ ಮೋಸ್ಟ್ ಅಂದ್ರೆ ಹೆಚ್ಚಂದ್ರೆ ಇಷ್ಟು. ಹದಿನೈದು ಪದಕ್ಕೆ ಆ ಕಾಟ ನಿಂತಿತು. ಇಂಗ್ಲಿಷ್ ಕ್ಲಾಸು ಕಷ್ಟ ಅಂತ ಬಿಡಿಸುವ ಮೊದಲು ಇದೊಂದನ್ನು ನೋಡಿ.

ಕೊನೆಗೆ ನಾನು ಎಲ್ಲ ಕ್ಲಾಸಿಗೂ ಒಂದೇ ಪ್ರಶ್ನೆ ಕೇಳತೊಡಗಿದೆ: ಮಗು ತಪ್ಪು ಮಾಡಿದಾಗ ನೀವೇನು ಮಾಡ್ತೀರಿ? ಅದಕ್ಕೆ ಕಾರಣ ಒಂದು ಲೆಕ್ಕ. 1ರಿಂದ 100ರವರೆಗೆ ಎಲ್ಲ ಸಂಖ್ಯೆ ಗುಣಿಸಿದರೆ ಕೊನೆಯಲ್ಲಿ ಎಷ್ಟು ಸೊನ್ನೆ ಬರುತ್ತೆ? ಇವಳು 11 ಅಂದಳು. ಹತ್ತು, ಇಪ್ಪತ್ತು, ತೊಂಬತ್ತರ ತನಕ ಒಂಬತ್ತು, ನೂರರದ್ದು ಎರಡು. ಹಣ ಕಟ್ಟಿ ಒಂದು ತಿಂಗಳು ಬಳಸುತ್ತಿದ್ದ ಒಂದು ಆ್ಯಪ್ ಕೆಂಪು ಗುರುತು ತೋರಿಸಿ, ಅರ್ಧ ನಿಮಿಷದಲ್ಲಿ ಪೂರ್ತಿ ವಿಡಿಯೋ ಹಾಕಿತು. ನಾನು ಮುಚ್ಚಿಬಿಟ್ಟೆ. ಅತ್ತಳು, ಸಿಟ್ಟಾದಳು. ಮೂರನೇ ದಿನ ಅಂಗಡಿಗೆ ಫೋನು: "ಅಪ್ಪಾಜಿ, ಐದನ್ನ ಎರಡರಿಂದ ಗುಣಿಸಿದ್ರೂ ಸೊನ್ನೆ ಬರುತ್ತಲ್ಲಾ! 20." ಸರಿ ಅಂತಲೂ ಅನ್ನಲಿಲ್ಲ, ತಪ್ಪು ಅಂತಲೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ಬಾಯಿ ತುಂಬ ನೊರೆ ಇಟ್ಟುಕೊಂಡೇ ಹೇಳಿದಳು: 25, 50, 75, 100ರಲ್ಲಿ ಐದು ಎರಡೆರಡು ಸಲ ಇದೆ, 24. ಆ ನಾಲ್ಕು ದಿನವನ್ನು ವಿಡಿಯೋ ನುಂಗಿಬಿಡುತ್ತಿತ್ತು.

ನನ್ನ ಪ್ರಶ್ನೆಗೆ ಹೆಚ್ಚಿನವರು "ಅನ್‌ಲಿಮಿಟೆಡ್ ವಿಡಿಯೋ ಇದೆ ಸರ್" ಅಂದರು. ಒಬ್ಬ ಮೇಡಂ ಮಾತ್ರ, "ಬರೆದದ್ದರ ಫೋಟೋ ಕಳಿಸಲಿ, ಎಲ್ಲಿ ಎಡವಿದಳು ಅಂತ ಗುರುತು ಹಾಕಿ ವಾಪಸ್ ಕಳಿಸ್ತೀನಿ, ಉತ್ತರ ಹೇಳಲ್ಲ" ಅಂದರು. ಎಂಟು ಮಕ್ಕಳ ಕ್ಲಾಸು, ಶನಿವಾರ ಒಂದೂವರೆ ಗಂಟೆ, ತಿಂಗಳು ತಿಂಗಳು ಫೀಸು, ಬಿಡಬೇಕಾದರೆ ಬಿಡಬಹುದು. ಅಲ್ಲಿಗೇ ಹಾಕಿದೆವು. ಜೊತೆಗೆ ವಿದ್ಯಾನಗರದ ಒಬ್ಬ ನಿವೃತ್ತ ಮೇಷ್ಟ್ರು ಹದಿನೈದು ದಿನಕ್ಕೊಮ್ಮೆ ಇವಳ ನೋಟ್‌ಬುಕ್ ನೋಡುತ್ತಾರೆ. ಅವರಿಗೆ ಫೀಸು ಕೊಡಲು ಹೋದರೆ ಬೈತಾರೆ. ಮಿಕ್ಸಿ ರಿಪೇರಿ ಮಾಡಿಕೊಟ್ಟಿದ್ದೇನೆ.

ಎಲ್ಲಾ ಸುಸೂತ್ರ ಅಂತೇನಿಲ್ಲ. ಮಳೆಗಾಲದಲ್ಲಿ ಕ್ಲಾಸಿನ ಹೊತ್ತಿಗೇ ಕರೆಂಟು ಹೋಗುತ್ತೆ, ಫೋನಿನ ಡೇಟಾದಲ್ಲಿ ಓಡಿಸ್ತೇವೆ. ಹೇಗಿದೆ ನೋಡೋಣ ಅಂತ ತೊಗೊಂಡು ಮರೆತ ಇನ್ನೊಂದು ಆ್ಯಪ್ ವರ್ಷದ ಹಣ ಎಳೆದುಕೊಳ್ಳಲಿತ್ತು. ಒಂದು ದಿನ ಮೊದಲು ಬ್ಯಾಂಕಿನ ಮೆಸೇಜು ಬಂದಿದ್ದರಿಂದ ಉಳಿಯಿತು, ರಿಸರ್ವ್ ಬ್ಯಾಂಕಿನ ಆ ನಿಯಮಕ್ಕೆ ದೊಡ್ಡ ನಮಸ್ಕಾರ. ಖೋ-ಖೋ ಬಿಡಿಸಿ ಇನ್ನೊಂದು ಕ್ಲಾಸು ಹಾಕೋಣ ಅಂತ ನನಗೊಮ್ಮೆ ಆಸೆ ಹುಟ್ಟಿತ್ತು, ಅದಕ್ಕೆ ಮನೆಯಲ್ಲಿ ಇಬ್ಬರೂ ಒಪ್ಪಲಿಲ್ಲ.

ಮುಂದಿನ ವರ್ಷ ಎಂಟನೇ ಕ್ಲಾಸು. ಗಣಿತ ಒಲಿಂಪಿಯಾಡಿನ ಮೊದಲ ಮೆಟ್ಟಿಲು ಐಒಕ್ಯೂಎಂ ಬರೀತೀನಿ ಅಂತಿದ್ದಾಳೆ. ಮೂರು ಗಂಟೆ, 30 ಪ್ರಶ್ನೆ. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಜಾಲತಾಣದಿಂದ ಹಳೆ ಪತ್ರಿಕೆಗಳನ್ನು ಪ್ರಿಂಟು ತೆಗೆಸಿಕೊಟ್ಟಿದ್ದೇನೆ. ಮೊನ್ನೆ ಎಣಿಸಿದಾಗ ಒಂದು ಪತ್ರಿಕೆಯಲ್ಲಿ ನಾಲ್ಕು ಲೆಕ್ಕ ಮಾಡಿದ್ದಳು, ಐದನೆಯದರ ಹತ್ತಿರ ಪೆನ್ಸಿಲ್ ಸಿಕ್ಕಿಸಿಟ್ಟಿದ್ದಳು.